ಜೇನುಬಂಡೆಯ ನೆರಳು

"ಚಶ್ಮಾ ತಗಿಯೋ ದುರುಗ್ಯಾ."

ಶನಿವಾರ, ಭಾನುವಾರ ಬಂತೆಂದರೆ ದುರುಗೇಶ ಈ ಮಾತನ್ನು ಮತ್ತೆ ಮತ್ತೆ ಕೇಳಬೇಕಾಗುತ್ತಿತ್ತು. ಗಂಗಾವತಿಯಿಂದ ಆನೆಗುಂದಿಗೆ ಹೋಗುವ ದಾರಿಯ ಬದಿಗೆ, ಕಲ್ಲುಗುಡ್ಡದ ಬುಡದಲ್ಲಿ ವಿರುಪಾಕ್ಷಿಯ ಪೇಂಟ್‌ಬಾಲ್ ಮೈದಾನವಿತ್ತು. ಬಲೆ ಕಟ್ಟಿದ ಅಂಗಳದಲ್ಲಿ ಹಳೆಯ ಟೈರು, ಡ್ರಮ್ಮು, ಮರಳಿನ ಚೀಲಗಳ ಮರೆಗೆ ಕೂತು ಒಬ್ಬರ ಮೇಲೊಬ್ಬರು ಬಣ್ಣದ ಗುಂಡು ಹೊಡೆದುಕೊಳ್ಳುವ ಆಟ. ಹಂಪಿ ನೋಡಿ ಹೊಳೆ ದಾಟಿ ಬಂದವರು, ಕಾಲೇಜಿನ ಗುಂಪುಗಳು ಬರುತ್ತಿದ್ದವು. ಆಟಕ್ಕೆ ಬಿಡುವ ಮುಂಚೆ ವಿರುಪಾಕ್ಷಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮುಖಕ್ಕೆ ಮಾಸ್ಕ್ ಯಾಕೆ ಹಾಕಬೇಕೆಂದು ಹೇಳುತ್ತಿದ್ದ. ಹೇಳುವುದಕ್ಕೆ ಅವನಿಗೊಂದು ಸಾಕ್ಷಿ ಬೇಕಿತ್ತು. ಅಲ್ಲೇ ಕೆಲಸಕ್ಕಿದ್ದ ದುರುಗೇಶ ಬಂದು ಪಕ್ಕದಲ್ಲಿ ನಿಂತು ಕರಿ ಚಶ್ಮಾ ತೆಗೆಯುತ್ತಿದ್ದ. ಎಡಗಣ್ಣು ಇರಬೇಕಾದಲ್ಲಿ ರೆಪ್ಪೆ ಒಳಕ್ಕೆ ಸೇದಿಕೊಂಡು ಒಣಗಿದ ಅಂಜೂರದಂತೆ ಮುದುಡಿತ್ತು.

"ಇವ ನನ್ನ ತಮ್ಮ ಇದ್ದಂಗರಿ," ಅನ್ನುತ್ತಿದ್ದ ವಿರುಪಾಕ್ಷಿ, ಹೆಗಲ ಮೇಲೆ ಕೈ ಹಾಕಿ. "ಒಂದ ಗಳಿಗಿ ಮಾಸ್ಕ ತಗದ. ಒಂದ ಗಳಿಗಿ. ಏನಾತು, ನೀವ ನೋಡ್ರಿ."

ಹುಡುಗಿಯರು ಮುಖ ತಿರುಗಿಸುತ್ತಿದ್ದರು. ಯಾರೋ ಒಬ್ಬ ಮೊಬೈಲು ಎತ್ತುತ್ತಿದ್ದ. ಆಮೇಲೆ ಎಲ್ಲರೂ ಮಾಸ್ಕಿನ ಪಟ್ಟಿ ಬಿಗಿಮಾಡಿಕೊಂಡು ನಗುತ್ತ ಒಳಗೆ ಓಡುತ್ತಿದ್ದರು.

ಆ ಗಳಿಗೆಯಲ್ಲಿ ನಡೆದದ್ದೇ ಬೇರೆ. ಆಟ ಮುಗಿದು ಸೀಟಿ ಊದಿಯಾಗಿತ್ತು. ಎಲ್ಲರೂ ಮಾಸ್ಕ್ ತೆಗೆದಿದ್ದರು. ವಿರುಪಾಕ್ಷಿ ಹೊಸಪೇಟೆಯ ಗೆಳೆಯರ ಮುಂದೆ ಠೀವಿ ತೋರಿಸುತ್ತ, ಗ್ಯಾಸಿನ ಸಿಲಿಂಡರ್ ಬಿಚ್ಚಿದ ಗನ್ನನ್ನು ದುರುಗೇಶನ ಕಡೆ ತಿರುಗಿಸಿ ಕೈ ಮೇಲೆತ್ತು ಎಂದು ನಗುತ್ತ ಕುದುರೆ ಒತ್ತಿದ್ದ. ಸಿಲಿಂಡರ್ ಬಿಚ್ಚಿದ ಮೇಲೂ ಒಳಗೆ ಒಂದು ಗುಂಡಿಗಾಗುವಷ್ಟು ಗಾಳಿ ಉಳಿದಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು.

ಆಮೇಲೆ ಅವನು ಅತ್ತಿದ್ದ. ಹುಬ್ಬಳ್ಳಿಯ ಆಸ್ಪತ್ರೆಗೆ ತಾನೇ ಕರೆದೊಯ್ದಿದ್ದ. ಕೆಲಸದಿಂದ ತೆಗೆಯಲಿಲ್ಲ, ಗನ್ನುಗಳನ್ನು ತೊಳೆದು, ಎಣ್ಣೆ ಹಾಕಿ ಇಡುವ ಹಗುರ ಕೆಲಸ ಕೊಟ್ಟ. ಬೈದು ಕೈಬಿಟ್ಟಿದ್ದರೆ ದುರುಗೇಶ ಮರೆಯುತ್ತಿದ್ದನೋ ಏನೋ. ಆದರೆ ತಪ್ಪು ನಿಧಾನಕ್ಕೆ ಜಾಗ ಬದಲಿಸಿತು. ಮೊದಲ ವರ್ಷ ವಿರುಪಾಕ್ಷಿ "ಆಕಸ್ಮಿಕ" ಅನ್ನುತ್ತಿದ್ದ. ಎರಡನೆಯ ವರ್ಷಕ್ಕೆ "ಮಾಸ್ಕ ತಗದಿದ್ದ" ಎಂದಾಯಿತು. ಈಗ ಅವನು ಅದನ್ನು ಹೇಳುವಾಗ ಕಣ್ಣು ತಗ್ಗಿಸುತ್ತಲೂ ಇರಲಿಲ್ಲ. ತನ್ನ ಮಾತನ್ನು ತಾನೇ ನಂಬಿಬಿಟ್ಟಿದ್ದ. ದುರುಗೇಶನಿಗೆ ಸಹಿಸಲಾಗದೇ ಹೋದದ್ದು ಕಣ್ಣು ಹೋದದ್ದಲ್ಲ, ಈ ನಂಬಿಕೆ.

ಭಾನುವಾರ ಸಂಜೆ ಅವನು ಗನ್ನುಗಳನ್ನು ದೊಡ್ಡ ಚೀಲಕ್ಕೆ ತುಂಬಿ, ಬೈಕಿಗೆ ಕಟ್ಟಿಕೊಂಡು ಭಾಗ್ಯನಗರದ ಮನೆಗೆ ತರುತ್ತಿದ್ದ. ಸೋಮವಾರ ಬೆಳಿಗ್ಗೆ ಹಿತ್ತಲಿನ ಕಲ್ಲಿನ ಮೇಲೆ ಗೋಣಿತಟ್ಟು ಹಾಸಿ ಕೂರುತ್ತಿದ್ದ. ಪ್ರತಿಯೊಂದನ್ನೂ ನೆಲಕ್ಕೆ ಮುಖ ಮಾಡಿ ಕುದುರೆ ಒತ್ತಿ, ಉಳಿದ ಗಾಳಿ ಬಿಡುವುದು ಮೊದಲ ಕೆಲಸ. ನಳಿಗೆ ತಿರುಗಿಸಿ ಬಿಚ್ಚಿ, ದಾರಕ್ಕೆ ಕಟ್ಟಿದ ಬಟ್ಟೆಯನ್ನು ಅದರೊಳಗೆ ಎಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಸಂದಿಯಲ್ಲಿ ಒಣಗಿದ ಬಣ್ಣವನ್ನು ಬೆಚ್ಚನೆ ನೀರಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಬಿಡಿಸುತ್ತಿದ್ದ. ಒಳಗಿನ ರಬ್ಬರ್ ಬಳೆಗಳಲ್ಲಿ ಸೀಳಿದೆಯೋ ಎಂದು ಉಗುರಿನಿಂದ ಸವರಿ ತಿಳಿದುಕೊಳ್ಳುತ್ತಿದ್ದ. ಒಂಟಿ ಕಣ್ಣಿಗೆ ಅಂಥ ಸಣ್ಣ ಆಳ ತಿಳಿಯುತ್ತಿರಲಿಲ್ಲ. ಕೊನೆಗೆ ಎರಡು ಹನಿ ಎಣ್ಣೆ.

"ಆ ಬಂದೂಕಿಗಿ ಕಾಸೋ ನೀರಾಗ ಅರ್ಧಾನರ ನಿಮ್ಮ ಮೈಗಿ ಎರಕೋರಿ," ಅನ್ನುತ್ತಿದ್ದಳು ಹೆಂಡತಿ ದ್ರಾಕ್ಷಾಯಿಣಿ, ಅಂಗನವಾಡಿಗೆ ಹೊರಡುವ ಅವಸರದಲ್ಲಿ.

"ಬಂದೂಕಲ್ಲದು. ಮಾರ್ಕರ್ ಅಂತಾರ."

"ಏನರ ಅನ್ಲಿ. ಅದರ ಮ್ಯಾಲಿನ ಮಾಯಾ ಮನಿ ಮ್ಯಾಲಿಲ್ಲ ನಿಮಗ."

ಅವನು ನಗುತ್ತಿದ್ದ. ಆ ವಸ್ತುವಿನ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಅದು ಯಾರು ಒತ್ತಿದರೂ ಒಂದೇ ರೀತಿ ಸಿಡಿಯುತ್ತಿತ್ತು, ಸುಳ್ಳು ಹೇಳುತ್ತಿರಲಿಲ್ಲ.

ಸೇಡಿಗೆ ದಾರಿ ತೋರಿಸಿದವನೂ ವಿರುಪಾಕ್ಷಿಯೇ. ಮೈದಾನದ ಹಿಂದೆ, ಉಗ್ರಾಣದ ಎದುರಿಗೆ ಮನೆಯೆತ್ತರದ ಬಂಡೆಯೊಂದು ಮುಂದಕ್ಕೆ ಬಾಗಿ ನಿಂತಿತ್ತು. ಮಳೆಗಾಲ ಮುಗಿಯುತ್ತಲೇ ಅದರ ಹಣೆಯ ಕೆಳಗೆ ಹೆಜ್ಜೇನು ಬಂದು ಕಟ್ಟುತ್ತಿತ್ತು. ಮೊರದಗಲದ ಹುಟ್ಟುಗಳು, ಕರಿ ಕಂಬಳಿ ಹೊದ್ದಂತೆ ಹುಳ. ವಿರುಪಾಕ್ಷಿಗೆ ಅದು ಅದೃಷ್ಟದ ಬಂಡೆ. ಅದರ ನೆರಳಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿಸಿ, ಜನ ಇಲ್ಲದ ದಿನ ಮಧ್ಯಾಹ್ನ ಅಲ್ಲೇ ಉಂಡು, ಅಲ್ಲೇ ಅಡ್ಡಾಗುತ್ತಿದ್ದ. ನಾವು ಅವಕ್ಕೇನೂ ಮಾಡದಿದ್ದರೆ ಅವೂ ನಮಗೇನೂ ಮಾಡುವುದಿಲ್ಲ ಎಂಬುದು ಅವನ ನಂಬಿಕೆ. ಒಂದು ದಿನ ಅದೇ ಕಟ್ಟೆಯ ಮೇಲೆ ಕೂತು ಮೊಬೈಲು ನೋಡುತ್ತ ಹೇಳಿದ್ದ:

"ಕುಷ್ಟಗಿ ಕಡೆ ಒಬ್ಬ ಕುರಿ ಕಾಯಾವ ಸತ್ತಾನ ನೋಡಪಾ. ಹದ್ದ ಬಡದು ಜೇನ ಎದ್ದಾವಂತ. ಪೊಲೀಸ್ರು ಬಂದು ಬರಕೊಂಡು ಹೋದ್ರಂತ." ಆಮೇಲೆ ನಕ್ಕಿದ್ದ. "ಏನ ಬರಕೊಂತಾರ? ಹದ್ದಿನ ಮ್ಯಾಲೆ ಕೇಸ ಹಾಕ್ತಾರೇನು?"

ದುರುಗೇಶನೂ ನಕ್ಕಿದ್ದ. ನಗು ಮುಗಿದ ಮೇಲೆ ತಲೆಯೆತ್ತಿ ಬಂಡೆಯನ್ನು ನೋಡಿದ್ದ. ಉಗ್ರಾಣದ ಕಿಟಕಿಯಿಂದ ಅಲ್ಲಿಗೆ ಎಷ್ಟು ದೂರವಾಗಬಹುದು ಎಂದು ಅವನ ತಲೆ ತಾನಾಗಿಯೇ ಅಳೆಯತೊಡಗಿತ್ತು.

ಕೊಲೆಗಾರರು ಸಿಕ್ಕಿಬೀಳುವುದು ಕೊಲೆ ನಡೆದಿದೆ ಎಂದು ಜನಕ್ಕೆ ಗೊತ್ತಾಗುವುದರಿಂದ. ಇಲ್ಲಿ ಕೊಲೆಯೇ ಇರುವುದಿಲ್ಲ. ಹುಳ ಎದ್ದವು, ಮನುಷ್ಯ ಸತ್ತ. ಯಾರೂ ಹುಡುಕದಿದ್ದರೆ ಬಚ್ಚಿಟ್ಟುಕೊಳ್ಳುವ ಅಗತ್ಯವೇನು? ಆದ್ದರಿಂದ ದುರುಗೇಶ ತಾನು ಬೇರೆಲ್ಲೋ ಇದ್ದೆನೆಂದು ತೋರಿಸುವ ಗೋಜಿಗೆ ಹೋಗಲಿಲ್ಲ. ತಾನು ಅಲ್ಲೇ ಇರಬೇಕು. ಓಡಿಬಂದು ಎತ್ತಿಕೊಳ್ಳುವವನು ತಾನೇ ಆಗಬೇಕು.

ಕಲ್ಲು ಎಸೆದರೆ ಗುರಿ ತಪ್ಪಬಹುದು, ಎಸೆದವನ ಮೇಲೆಯೇ ಹುಳ ಏರಬಹುದು. ಪಟಾಕಿಯಾದರೆ ಸುತ್ತಲಿನ ಗದ್ದೆಗಳಲ್ಲಿ ನಾಟಿ ಮಾಡುವವರಿಗೆ ಸದ್ದು ಕೇಳುತ್ತದೆ, ಕಾಗದ ಉಳಿಯುತ್ತದೆ. ಬಣ್ಣದ ಗುಂಡು ಹಾಗಲ್ಲ. ದೂರದಿಂದ ಹೋಗುತ್ತದೆ, ಬಡಿದ ಕೂಡಲೇ ಒಡೆದು ಇಲ್ಲವಾಗುತ್ತದೆ. ಅದರ ಸಿಪ್ಪೆ ಔಷಧದ ಕ್ಯಾಪ್ಸೂಲಿನಂಥದು. ಒಂದು ಗುಂಡನ್ನು ಬಟ್ಟಲು ನೀರಿನಲ್ಲಿ ಹಾಕಿಟ್ಟು ನೋಡಿದ. ದ್ರಾಕ್ಷಾಯಿಣಿ ಅಂಗನವಾಡಿಯಿಂದ ಬರುವಷ್ಟರಲ್ಲಿ ಲೋಳೆಯಾಗಿ ಕರಗಿಹೋಗಿತ್ತು. ಬಣ್ಣವೂ ನೀರಿಗೆ ಬಿಡುವಂಥದೇ. ಆ ಸಲ ಬಂದ ಗುಂಡುಗಳೆಲ್ಲ ಕೇಸರಿ ಬಣ್ಣದವು. ಹಿತ್ತಲಿನ ಕಲ್ಲಿನ ಮೇಲೆ ಒಂದನ್ನು ಒಡೆದು ತಂಬಿಗೆ ನೀರು ಸುರಿದ, ಹೋಯಿತು. ಮಣ್ಣಿನ ಮೇಲೆ ಒಡೆದು ಕಾಲಿನಿಂದ ಉಜ್ಜಿದ, ಹೋಯಿತು. ಬೇವಿನ ಎಲೆಗೆ ಹಚ್ಚಿ ತೊಳೆದ. ಬಣ್ಣ ಎಲ್ಲೆಲ್ಲಿ ಬೀಳಬಹುದೋ ಅಲ್ಲೆಲ್ಲ ಮನಸ್ಸಿನಲ್ಲಿ ನಡೆದು ನೋಡಿ ಬಂದ. ಬಂಡೆ, ಕಟ್ಟೆ, ನೆಲ, ತನ್ನ ಅಂಗಿ, ನಳಿಗೆಯ ಬಾಯಿ.

ಗನ್ನುಗಳಲ್ಲಿ ಹಳೆಯದೊಂದನ್ನು ಆರಿಸಿಕೊಂಡ. ಅದರ ನಳಿಗೆ ನೆಟ್ಟಗಿತ್ತು. ಆ ವಾರ ಅದಕ್ಕೆ ಮಾಡಿದಷ್ಟು ಸೇವೆ ಮತ್ತಾವುದಕ್ಕೂ ಮಾಡಲಿಲ್ಲ. ಬಟ್ಟೆ ಎಳೆದೂ ಎಳೆದೂ ನಳಿಗೆಯ ಒಳಗು ಕನ್ನಡಿಯಾಯಿತು. ಬಳೆಗಳೆಲ್ಲ ಹೊಸವು. ಮೈದಾನದಲ್ಲಿ ರಿಪೇರಿಯಾದ ಗನ್ನುಗಳನ್ನು ಪರೀಕ್ಷಿಸುವ ನೆಪದಲ್ಲಿ ತೆಂಗಿನ ಚಿಪ್ಪು ಕಟ್ಟಿ ಅಭ್ಯಾಸ ಮಾಡಿದ. ಗುರಿ ಹಿಡಿಯುವವರು ಒಂದು ಕಣ್ಣು ಮುಚ್ಚುತ್ತಾರೆ. ಅವನಿಗೆ ಆ ಶ್ರಮ ಇರಲಿಲ್ಲ. ವಿರುಪಾಕ್ಷಿ ಹಿಂದೆ ನಿಂತು ನೋಡಿ, "ಭಾರಿ ಕೈ ಕುಂತೈತಲ್ಲೋ," ಎಂದು ಬೆನ್ನು ತಟ್ಟಿದ್ದ. ಇಲಿ ಬರುತ್ತವೆ ಎಂದು ಹೇಳಿ ದುರುಗೇಶ ಉಗ್ರಾಣದ ತಗಡಿನ ಸಂದಿಗಳಿಗೆಲ್ಲ ಹಳೆಯ ಬಟ್ಟೆ ತುರುಕಿದ. ಅದಕ್ಕೂ ವಿರುಪಾಕ್ಷಿ "ಛಲೋ ಮಾಡಿದಿ" ಅಂದ.

ಸಂಕ್ರಾಂತಿ ಮುಗಿದ ವಾರ, ಒಂದು ಬುಧವಾರ ಮಧ್ಯಾಹ್ನ. ಮೈದಾನದಲ್ಲಿ ಇಬ್ಬರೇ. ಗಾಳಿ ಬಿದ್ದುಹೋಗಿತ್ತು. ನಾಟಿಯ ಹೆಣ್ಣುಮಕ್ಕಳು ಊಟಕ್ಕೆಂದು ದೂರದ ಬೇವಿನ ಮರಕ್ಕೆ ಹೋಗಿದ್ದರು. ವಿರುಪಾಕ್ಷಿ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದ.

"ಬಾರೋ, ನಿಮ್ಮ ವೈನಿ ಶೇಂಗಾ ಹೋಳಿಗಿ ಕಟ್ಟ್ಯಾಳ. ನಿನಗಂತನ ಎರಡ ಜಾಸ್ತಿ ಇಟ್ಟಾಳ."

"ನೀ ಉಣ್ಣು ಅಣ್ಣಾ. ಇದೊಂದ ಗನ್ ಬಿಚ್ಚೀನಿ, ಜೋಡಿಸಿ ಬರ್ತೀನಿ."

"ಆ ಕೆಲಸ ಎಲ್ಲೂ ಓಡಿ ಹೋಗಂಗಿಲ್ಲ."

"ಬಂದೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕಿಟಕಿಯ ಒಂದು ಬಾಗಿಲನ್ನು ಕೈಯಗಲ ತೆರೆದು ನಳಿಗೆಯಿಟ್ಟ. ವಿರುಪಾಕ್ಷಿ ಊಟ ಮುಗಿಸುವ ತನಕ ಕಾದ. ಅದು ದಯೆಯಲ್ಲ, ಉಂಡ ಮೇಲೆ ಅವನು ಅಂಗಿ ಸಡಿಲಿಸಿ, ಚಪ್ಪಲಿ ಬಿಟ್ಟು ಮಲಗುತ್ತಿದ್ದ. ಕಲ್ಲುಮುಳ್ಳಿನ ನೆಲದ ಮೇಲೆ ಬರಿಗಾಲಲ್ಲಿ ಓಡುವುದು ಕಷ್ಟ. ಹೋಳಿಗೆ ಎರಡನ್ನು ಅವನು ಡಬ್ಬಿಯ ಮುಚ್ಚಳದಲ್ಲಿ ಬೇರೆ ತೆಗೆದಿಟ್ಟು, ಮೇಲೊಂದು ಎಲೆ ಮುಚ್ಚಿದ್ದು ಕಿಟಕಿಯಿಂದ ಕಾಣಿಸಿತು. ಆಮೇಲೆ ಅಡ್ಡಾದ.

ಮೊದಲ ಗುಂಡು ಹುಟ್ಟಿನ ಪಕ್ಕದ ಕಲ್ಲಿಗೆ ಬಡಿಯಿತು. ಹುಳಗಳ ಕಂಬಳಿಯಲ್ಲಿ ಒಂದು ಅಲೆ ಎದ್ದು, ಸರಿದು, ಸುಮ್ಮನಾಯಿತು. ಎರಡನೆಯದು ನಡುಮಧ್ಯಕ್ಕೆ ಹೋಯಿತು. ಅದರ ಹಿಂದೆಯೇ ಮೂರನೆಯದು. ಕಂಬಳಿ ಒಮ್ಮೆ ನಡುಗಿ, ಹರಿದು, ಹೊಗೆಯಂತೆ ಕೆಳಗಿಳಿಯಿತು. ದುರುಗೇಶ ಕಿಟಕಿ ಮುಚ್ಚಿ ಚಿಲಕ ಹಾಕಿ, ಸಂದಿಗೆ ಗೋಣಿ ಒತ್ತಿದ.

ಸದ್ದು ಮೊದಲು ಬಂತು. ಅಕ್ಕಿ ಗಿರಣಿ ಒಮ್ಮೆಗೇ ಶುರುವಾದಂಥ ಸದ್ದು. ಆಮೇಲೆ ಕೂಗು. ಈ ಕೂಗನ್ನು ಅವನು ಎಷ್ಟೋ ಸಲ ಮನಸ್ಸಿನಲ್ಲಿ ಕೇಳಿದ್ದ. ಆದರೆ ಕೂಗಿನೊಳಗೆ ಮಾತು ಇರಬಹುದೆಂದು ಅವನು ಎಣಿಸಿರಲಿಲ್ಲ.

"ದುರುಗ್ಯಾ, ಹೊರಗ ಬರಬ್ಯಾಡೋ. ಬಾಗಲಾ ಹಾಕ್ಕೋ. ಬರಬ್ಯಾಡ."

ಮತ್ತೊಮ್ಮೆ ಅದನ್ನೇ ಕೂಗಿದ. ಆಮೇಲಿನದು ಮಾತಾಗಿರಲಿಲ್ಲ.

ದುರುಗೇಶ ಸ್ಟೂಲಿನ ಮೇಲೆ ಕೂತ. ಏನಾದರೂ ಮಾಡಬೇಕಿತ್ತು, ಕೈಗೆ ಗೊತ್ತಿದ್ದ ಕೆಲಸ ಒಂದೇ. ಸಿಲಿಂಡರ್ ಬಿಚ್ಚಿದ. ನೆಲಕ್ಕೆ ಮುಖ ಮಾಡಿ ಉಳಿದ ಗಾಳಿ ಬಿಟ್ಟ. ನಳಿಗೆ ಬಿಚ್ಚಿ ಬಟ್ಟೆ ಎಳೆದ. ಬಟ್ಟೆಗೆ ಕೇಸರಿಯ ತೆಳು ಕಲೆ ಬಂತು. ಇನ್ನೊಂದು ಬಟ್ಟೆ ಎಳೆದ. ಹೊರಗೆ ಡ್ರಮ್ಮೊಂದು ಉರುಳಿಬಿತ್ತು. ಯಾರೋ ಬಲೆಯನ್ನು ಹಿಡಿದು ಎಳೆಯುತ್ತಿರುವಂತೆ ಕಂಬಗಳು ಕಿರುಗುಟ್ಟಿದವು. ಅವನು ಬ್ರಶ್ಶನ್ನು ನೀರಿಗೆ ಅದ್ದಿ ಗುಂಡು ಕೂರುವ ಗುಳಿಯನ್ನು ಉಜ್ಜಿದ. ಬಳೆಗಳ ಮೇಲೆ ಉಗುರು ಆಡಿಸಿದ. ಎಣ್ಣೆ ಹಾಕುವಾಗ ಎರಡರ ಬದಲು ನಾಲ್ಕು ಹನಿ ಬಿತ್ತು. ಒರೆಸಿದ. ಜೋಡಿಸಿ ಗೂಟಕ್ಕೆ ತೂಗುಹಾಕಿದಾಗ ಹೊರಗೆ ಗುಂಯ್ ಎನ್ನುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಕಲೆಯಾದ ಬಟ್ಟೆ ಬಕೆಟ್ಟಿನ ನೀರಲ್ಲಿ ಬಿಳುಪಾಯಿತು. ಸದ್ದು ಬಂಡೆಯ ಮೇಲ್ಭಾಗಕ್ಕೆ ಸರಿಯುವ ತನಕ ಕೂತಿದ್ದು, ಒದ್ದೆ ಕಂಬಳಿ ಹೊದ್ದು, ಹಸಿ ಹುಲ್ಲಿನ ಹೊಗೆ ಮಾಡಿಕೊಂಡು ಹೊರಬಿದ್ದ. ವಿರುಪಾಕ್ಷಿ ಬಲೆಯ ಬುಡದಲ್ಲಿ ಮುಖ ಕೆಳಗಾಗಿ ಬಿದ್ದಿದ್ದ. ಇನ್ನೂ ಉಸಿರಿತ್ತು. ದುರುಗೇಶ ಅವನನ್ನು ದಾಟಿ ಕಟ್ಟೆಯ ಹತ್ತಿರ ಹೋದ. ನೆಲದ ಮೇಲೆ ಬಿದ್ದಿದ್ದ ಹುಟ್ಟಿನ ಚೂರನ್ನು ಕಾಲಿನಿಂದ ಮಣ್ಣಿಗೆ ತುಳಿದ. ಕಲ್ಲಿಗೆ ಬಕೆಟ್ಟಿನಿಂದ ನೀರು ಎರಚಿದ, ಕೇಸರಿ ಇಳಿದು ಮಣ್ಣಿನಲ್ಲಿ ಇಂಗಿತು. ಕಟ್ಟೆಗೆ, ನೆಲಕ್ಕೆ, ಎಲ್ಲಕ್ಕೂ ನೀರು. ಒಂಟಿ ಕಣ್ಣಿನಿಂದ ಅಂಗೈಯಗಲ ಅಂಗೈಯಗಲವಾಗಿ ನೋಡಿದ. ನೀರು ಯಾಕೆ ಎಂದು ಕೇಳಿದರೆ ಹುಳ ಓಡಿಸಲು ಎನ್ನಬಹುದು. ಒಂದು ಚುಕ್ಕೆಯೂ ಉಳಿದಿರಲಿಲ್ಲ. ಆಮೇಲೆ ಬಂದು ವಿರುಪಾಕ್ಷಿಯ ಮೇಲೆ ಕಂಬಳಿ ಹೊದಿಸಿದ. ಮುಖ ನೋಡಲಿಲ್ಲ. ನೋಡಲು ಆಗಲೂ ಇಲ್ಲ. ಮೊಬೈಲು ತೆಗೆದು ಆಂಬುಲೆನ್ಸಿಗೆ ಫೋನು ಮಾಡಿದ.

ಗಂಗಾವತಿಯ ಆಸ್ಪತ್ರೆ ತಲುಪಿದ ಸ್ವಲ್ಪ ಹೊತ್ತಿಗೆ ವಿರುಪಾಕ್ಷಿ ತೀರಿಕೊಂಡ. ಮುಖ ಬಾತು ಎರಡೂ ಕಣ್ಣು ಮುಚ್ಚಿಹೋಗಿದ್ದವಂತೆ. ಹೆಂಡತಿ ಶರಣಬಸಮ್ಮ ಬಂದವಳು ಹೊರಗಿನ ಬೆಂಚಿನ ಮೇಲೆ ಕುಸಿದು, ದುರುಗೇಶನ ಕೈ ಹಿಡಿದುಕೊಂಡಳು. ಅವನ ಕೈಗೂ ನಾಲ್ಕಾರು ಹುಳ ಕಚ್ಚಿ ಬಾತಿತ್ತು.

"ನೀ ಇದ್ದೆಲ್ಲಪಾ ಜೋಡಿ," ಅಂದಳು. "ಒಬ್ಬನ ಸಾಯಲಿಲ್ಲ, ಅಷ್ಟ ಸಮಾಧಾನ ನನಗ. ಏನರ ಅಂದ್ರೇನು ಕಡೀಕ?"

"ಹೊರಗ ಬರಬ್ಯಾಡ ಅಂದ್ರು, ವೈನಿ."

ಅವಳು ಬಿಕ್ಕಿದಳು. ಆ ದಿನ ಅವನು ಹೇಳಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ.

ಪೊಲೀಸ್ ಠಾಣೆಯ ಪಿಎಸ್‌ಐ ಬಂದ. ವಯಸ್ಸಾದ, ನಿಧಾನದ ಮನುಷ್ಯ. ದುರುಗೇಶ ಹೇಳಿಕೆ ಕೊಟ್ಟ. ಉಗ್ರಾಣದಲ್ಲಿ ಗನ್ ಸ್ವಚ್ಛ ಮಾಡಾಕತ್ತಿದ್ದೆ, ಕೂಗು ಕೇಳಿತು, ಬಾಗಲಾ ತಗದ್ರ ಹುಳ, ಹೊರಗ ಹೋಗಾಕ ಆಗಲಿಲ್ಲ. ಹದ್ದಿನ ಮಾತನ್ನು ಅವನಾಗಿ ಎತ್ತಲಿಲ್ಲ. ಎತ್ತಬಾರದೆಂದು ಮೊದಲೇ ನಿಶ್ಚಯಿಸಿದ್ದ.

"ಹದ್ದ ಬಡದಿರಬೇಕು," ಅಂದ ಪಿಎಸ್‌ಐ ತಾನೇ. "ಈ ಗುಡ್ಡದಾಗ ಪ್ರತಿ ವರ್ಷ ಒಂದ ಆಗತೈತಿ. ನಿಮ್ಮ ಕಣ್ಣಿಗೇನಾಗಿತ್ತು?"

"ಹಳೀದು ಸಾಹೇಬ್ರ. ಮಾಸ್ಕ ತಗದಿದ್ದೆ."

ಆ ಸುಳ್ಳು ಎಷ್ಟು ಸರಾಗವಾಗಿ ಬಾಯಿಗೆ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಪಿಎಸ್‌ಐ ಹಾಳೆ ತಿರುಗಿಸಿ ಕೊಟ್ಟ. ದುರುಗೇಶ ಸಹಿ ಮಾಡಿದ. ಎಲ್ಲ ಮುಗಿದಿತ್ತು. ಭಾಗ್ಯನಗರಕ್ಕೆ ಕೊನೆಯ ಬಸ್ಸು ಇನ್ನೂ ಇರಬಹುದೆಂದು ಯೋಚಿಸುತ್ತ ಏಳಲು ಹೊರಟಿದ್ದ.

ಅಷ್ಟರಲ್ಲಿ ಒಳಗಿನಿಂದ ಡಾಕ್ಟರ್ ಮೆಹಜಬೀನ್ ಬಿಳಿ ಪಿಂಗಾಣಿ ತಟ್ಟೆಯೊಂದನ್ನು ಹಿಡಿದು ಬಂದಳು. "ಇದೊಂದ ನೋಡ್ರಿ ಸರ್," ಎಂದು ಪಿಎಸ್‌ಐ ಮುಂದೆ ಇಟ್ಟಳು. "ಮುಳ್ಳು ಚುಚ್ಚಿದ ಹುಳ ದೂರ ಹೋಗಂಗಿಲ್ಲ, ಕಚ್ಚಿದಲ್ಲೇ ಸಾಯತಾವ. ಇವೆಲ್ಲ ಅವರ ಕೂದಲದಾಗ, ಅಂಗಿ ಒಳಗ, ಕಿವ್ಯಾಗ ಸಿಕ್ಕಾವು." ತಟ್ಟೆಯ ತುಂಬ ಕಂದು ಹುಳಗಳು. ಅವುಗಳ ನಡುವೆ ಅಲ್ಲಲ್ಲಿ ಕೆಲವು ಕೇಸರಿ. ರೆಕ್ಕೆಗೆ ರೆಕ್ಕೆ ಅಂಟಿಕೊಂಡು, ಬೆನ್ನ ಮೇಲೆ ಬಣ್ಣ ಹನಿಗಟ್ಟಿ ಹೊಳೆಯುತ್ತಿತ್ತು. "ಇಲ್ಲಿ ಗುಡ್ಡದ ಕಲ್ಲಿಗೆಲ್ಲ ಸಿಂಧೂರ ಬಳದಿರತಾರ, ಕಂಡೀನಿ," ಅಂದಳು ಆಕೆ. "ಹಾರೋ ಹುಳಕ್ಕ ಯಾರು ಬಳೀತಾರ್ರಿ?" ಪಿಎಸ್‌ಐ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ತಲೆಯೆತ್ತದೆಯೇ, ಮೆಲ್ಲಗೆ, ನಿಮ್ಮ ಗ್ರೌಂಡಿನ್ಯಾಗ ಈಗ ಯಾವ ಬಣ್ಣದ ಗುಂಡು ಅದಾವ ಎಂದು ಕೇಳಿದ. ದುರುಗೇಶ ತಟ್ಟೆಯ ಮೇಲೆ ಬಾಗಿದ. ಬಂಡೆ ತೊಳೆದಿದ್ದ, ನೆಲ ತೊಳೆದಿದ್ದ, ನಳಿಗೆಯಲ್ಲಿ ಎಳೆದ ಬಟ್ಟೆಯನ್ನೂ ತೊಳೆದಿದ್ದ. ಗುಂಡು ಒಡೆದದ್ದೇ ಹುಳಗಳ ಮೈಮೇಲೆ ಎಂಬುದೊಂದು ಮಾತ್ರ ಹೊಳೆದಿರಲಿಲ್ಲ. ಅವುಗಳಲ್ಲಿ ಒಂದು, ಯಾರನ್ನೂ ಕಚ್ಚದೆ ಉಳಿದದ್ದು, ಇನ್ನೂ ಸತ್ತಿರಲಿಲ್ಲ. ಅಂಟಿದ ರೆಕ್ಕೆಗಳನ್ನು ಎಳೆದುಕೊಂಡು ತಟ್ಟೆಯ ಅಂಚಿನತ್ತ ತೆವಳುತ್ತಿತ್ತು, ಹಿಂದೆ ಬಿಳಿಯ ಮೇಲೆ ತೆಳ್ಳಗೆ ಒಂದು ಕೇಸರಿ ಗೆರೆ ಬಿಡುತ್ತ.